ಎರಡು ಮನೆಯ ಒಂದು ಬಂದೂಕು

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಯಂತ್ರದ ಸಾಮಾನು ಮಾರುವ ಸಣ್ಣ ಅಂಗಡಿಯೊಂದಿದೆ. ಮೊನ್ನೆ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗಿ ಮಷೀನಿನ ಎಣ್ಣೆ ಕೇಳಿದೆ. ಅಂಗಡಿಯವನು ಬಾಟಲಿ ಚಾಚುತ್ತ, "ಮಷೀನ ಯಾವುದ್ರೀ ಅಕ್ಕಾರ, ಕಾಲಿಂದೋ ಮೋಟರಿಂದೋ?" ಎಂದ. ಏನಾದರೊಂದು ಹೇಳಿ ಬರಬಹುದಿತ್ತು. ಆದರೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಕಲಿಸಿ ನನಗೆ ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವ ಚಟ ಅಂಟಿಕೊಂಡಿದೆ. "ಹೊಲಿಗಿ ಮಷೀನಿಗಲ್ರೀ, ಬಂದೂಕಿಗೆ" ಎಂದೆ. ಚಾಚಿದ ಕೈ ಅರ್ಧಕ್ಕೇ ನಿಂತಿತು. ಅವನು ನನ್ನ ಸೀರೆಯನ್ನು, ಹೆಗಲ ಚೀಲವನ್ನು, ಚೀಲದಿಂದ ಇಣುಕುತ್ತಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ಒಂದೊಂದಾಗಿ ನೋಡಿದ. ನಾನೂ ಸುಮ್ಮನಿರಲಿಲ್ಲ. ಬಾಟಲಿಯ ಮುಚ್ಚಳ ಮೊದಲೇ ಯಾರಾದರೂ ತೆರೆದಿದ್ದಾರೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ, ಮೂಸಿದೆ, ತಳದಲ್ಲಿ ಏನಾದರೂ ಕೂತಿದೆಯೇ ಎಂದು ತಲೆಕೆಳಗೆ ಮಾಡಿದೆ. ಒಬ್ಬರನ್ನೊಬ್ಬರು ಕಿಂಚಿತ್ತೂ ನಂಬದೆ ಇಬ್ಬರೂ ವ್ಯಾಪಾರ ಮುಗಿಸಿದೆವು. ಬಸ್ಸಿನಲ್ಲಿ ಕೂತ ಮೇಲೆ ಎಷ್ಟೋ ದಿನದ ನಂತರ ತವರುಮನೆಗೆ ಹೋಗಿ ಬಂದಷ್ಟು ಸಮಾಧಾನವಾಯಿತು.

ಸಂಶಯ ನಮ್ಮ ಮನೆತನದ ಗುಣ. ಅದು ಅಡುಗೆಮನೆಯಿಂದಲೇ ಶುರುವಾಗುತ್ತದೆ. ಜೈನರ ಅಡುಗೆಮನೆ ಎಂದರೆ ಅರ್ಧ ಅಡುಗೆ, ಅರ್ಧ ತಪಾಸಣೆ. ನೀರನ್ನು ಬಟ್ಟೆಯಲ್ಲಿ ಸೋಸಬೇಕು, ಹಿಟ್ಟನ್ನು ಜರಡಿ ಹಿಡಿಯಬೇಕು, ಮೆಂತೆ ಸೊಪ್ಪಿನ ಎಲೆ ಎಲೆಯ ಹೊಟ್ಟೆಯನ್ನೂ ತಿರುವಿ ನೋಡಬೇಕು. ನನ್ನ ಅವ್ವ ಹೂಕೋಸನ್ನು ಮನೆಯೊಳಗೆ ಬಿಟ್ಟುಕೊಂಡವಳೇ ಅಲ್ಲ. ಅದರ ಒಳಗೆ ಯಾರು ಯಾರು ವಾಸವಾಗಿದ್ದಾರೋ ಎಂಬ ಅನುಮಾನ ಅವಳಿಗೆ. ಅಪ್ಪ ರಾತ್ರಿ ಕದ ಹಾಕಿದ ಮೇಲೆ ತಾನು ಜಗ್ಗಿ ನೋಡಿ, ಆಮೇಲೆ ನಮ್ಮ ಕೈಯಿಂದಲೂ ಜಗ್ಗಿಸುತ್ತಿದ್ದ. ತನ್ನ ಕೈಯನ್ನೂ ಅವನು ಪೂರ್ತಿ ನಂಬುತ್ತಿರಲಿಲ್ಲ ಎನ್ನಿ.

ನನ್ನ ಮದುವೆಯ ಕಥೆ ಕೇಳಿದರೆ ನೀವು ನಗುತ್ತೀರಿ. ಕಾಗವಾಡದ ಕಡೆಯ ಸಂಬಂಧ ಬಂದಾಗ ಅಪ್ಪ ಹೇಳದೆ ಕೇಳದೆ ಆ ಊರಿಗೆ ಹೋಗಿ, ಎತ್ತು ಕೊಳ್ಳಲು ಬಂದವನ ಹಾಗೆ ಓಣಿ ಓಣಿ ತಿರುಗಿ ವರನ ಮನೆಯವರ ಬಗ್ಗೆ ವಿಚಾರಿಸಿದ. ಅದೇ ಹೊತ್ತಿಗೆ ವರನ ಅಪ್ಪ ನಮ್ಮೂರಿನಲ್ಲಿ ಕಬ್ಬಿನ ಬೀಜ ಹುಡುಕುವ ನೆಪದಲ್ಲಿ ನಮ್ಮ ಬಗ್ಗೆ ವಿಚಾರಿಸುತ್ತಿದ್ದನಂತೆ. ಇಬ್ಬರಿಗೂ ಆಮೇಲೆ ಗೊತ್ತಾಯಿತು. ಇಬ್ಬರೂ ಸಿಟ್ಟಾಗಲಿಲ್ಲ. "ಹುಷಾರ ಮಂದಿ ಅದಾರ, ಸಂಬಂಧ ಮಾಡಬಹುದು" ಎಂದು ಎರಡೂ ಕಡೆ ಮಾತು ಪಕ್ಕಾ ಆಯಿತು.

ಇಂಥ ಮನೆಗೆ ಬಂದೂಕು ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಕೇಳಲೇಬೇಕು, ಕೇಳದಿದ್ದರೆ ನಿಮ್ಮ ಮೇಲೆಯೇ ನನಗೆ ಸಂಶಯ ಬರುತ್ತದೆ. ನಮ್ಮೂರು ರಾಯಬಾಗದಿಂದ ಕುಡಚಿಗೆ ಹೋಗುವ ದಾರಿಯಲ್ಲಿ ಒಳಗೆ ಸರಿದು ಕೂತಿರುವ ಊರು. ಹಳ್ಳದ ದಂಡೆಗೆ ಕಬ್ಬು, ಕಬ್ಬಿನೊಳಗೆ ಕಾಡುಹಂದಿ. ಒಂದು ಹಿಂಡು ಒಳಗೆ ಹೊಕ್ಕಿತೆಂದರೆ ತಿಂದದ್ದಕ್ಕಿಂತ ಮುರಿದು ಚೆಲ್ಲುವುದೇ ಹೆಚ್ಚು. ಬೆಳೆ ಕಾಯಲೆಂದು ನಮ್ಮಜ್ಜ ಲೈಸನ್ಸ್ ಮಾಡಿಸಿ ಈ ಬಂದೂಕು ತಂದ. ಬೇಟೆಗಾರರು ಹಿಡಿಯುವ ಜಾತಿಯದು. ಅಜ್ಜ ಬೇಟೆಯಾಡುವವನಲ್ಲ, ಇರುವೆ ಸಾಲನ್ನೂ ದಾಟಿ ಕಾಲಿಡುವವನು. ಅವನ ಲೆಕ್ಕ ಸರಳ. ಸಪ್ಪಳ ಆಗಬೇಕು, ಹಂದಿ ಓಡಬೇಕು, ಜೀವ ಹೋಗಬಾರದು. ಆಕಾಶಕ್ಕೆ ಹೊಡೆಯಲೂ ಅವನು ಒಪ್ಪಲಿಲ್ಲ, ಮೇಲೆ ಹೋದದ್ದು ಎಲ್ಲಿ ಇಳಿಯುತ್ತದೋ ಯಾರು ಬಲ್ಲರು ಎಂಬ ಸಂಶಯ. ಹಾಗಾಗಿ ಬಾವಿ ತೋಡಿದ ಮಣ್ಣಿನ ದೊಡ್ಡ ದಿಬ್ಬಕ್ಕೆ ಗುರಿ. ಅದಕ್ಕೂ ಮೊದಲು ದಿಬ್ಬದ ಮೇಲೆ ಇರುವೆ ಗೂಡು ಇದೆಯೇ, ಓತಿಕ್ಯಾತ ಬಿಸಿಲು ಕಾಯಿಸುತ್ತಿದೆಯೇ ಎಂದು ಹೋಗಿ ನೋಡಿ ಬರಬೇಕು. ಅಷ್ಟರಲ್ಲಿ ಹಂದಿಗಳು ನಿಧಾನಕ್ಕೆ ಊಟ ಮುಗಿಸಿಯೇ ಹೊರಡುತ್ತಿದ್ದವು.

ಈ ಬಂದೂಕಿನಲ್ಲಿ ಬೋಲ್ಟ್ ಎಂಬುದೊಂದಿದೆ. ಬಾಗಿಲಿನ ಅಗಳಿಯ ಹಾಗೆ ಹಿಂದೆ ಮುಂದೆ ಸರಿಯುವ ಕಬ್ಬಿಣದ ತುಂಡು, ಅದಕ್ಕೊಂದು ಹಿಡಿಕೆ. ಹಿಂದಕ್ಕೆ ಎಳೆದು ಕಾಡತೂಸು ಇಟ್ಟು, ಮುಂದಕ್ಕೆ ತಳ್ಳಿ ಕೆಳಗೆ ಒತ್ತಿದರೆ ಕದ ಹಾಕಿದಂತೆ. ಅದರ ಹೊಟ್ಟೆಯೊಳಗೆ ಒಂದು ಸ್ಪ್ರಿಂಗು, ಒಂದು ಪಿನ್ನು. ಕುದುರೆ, ಅಂದರೆ ಟ್ರಿಗರ್, ಎಳೆದಾಗ ಆ ಪಿನ್ನು ಹೋಗಿ ಕಾಡತೂಸಿನ ಬೆನ್ನಿಗೆ ಕುಟ್ಟುತ್ತದೆ, ಅದು ಹಾರುತ್ತದೆ. ಬೋಲ್ಟನ್ನು ಪೂರ್ತಿ ಹೊರಗೆ ಎಳೆದು ತೆಗೆದುಬಿಟ್ಟರೆ ಉಳಿದದ್ದು ಬರೀ ಕೊಳವೆ, ಒಲೆ ಊದಲು ಬರಬಹುದು. ಚಿಕ್ಕವಳಿದ್ದಾಗ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಅಜ್ಜ ಅದನ್ನು ಪಡಸಾಲೆಗೆ ತಂದು, ಬೋಲ್ಟ್ ತೆಗೆದಿಟ್ಟು, ತುದಿಗೆ ಭಾರ ಕಟ್ಟಿದ ದಾರವನ್ನು ನಳಿಗೆಯೊಳಗೆ ಇಳಿಬಿಡುತ್ತಿದ್ದ. ದಾರದ ಇನ್ನೊಂದು ತುದಿಗೆ ಹಳೇ ಧೋತರದ ಚಿಂದಿ. ಅದನ್ನು ಸರ್ರನೆ ಎಳೆಯುವ ಕೆಲಸ ನನ್ನದು. ಆಮೇಲೆ ಹೆಬ್ಬೆರಳ ಉಗುರನ್ನು ಒಂದು ಬಾಯಿಗೆ ಹಿಡಿದು, ಇನ್ನೊಂದು ಬಾಯಿಂದ ನೋಡು ಎನ್ನುತ್ತಿದ್ದ. ಒಳಗೆ ಬೆಳಕು ಬಳೆ ಬಳೆಯಾಗಿ ಸುತ್ತಿಕೊಂಡು ಹೋಗುತ್ತಿತ್ತು. ಅದನ್ನು ನೋಡಲು ನಾನು ವರ್ಷವಿಡೀ ಕಾಯುತ್ತಿದ್ದೆ. ಎಣ್ಣೆ ಹಚ್ಚಿದ ಮೇಲೆ ಬಾಯಿ ಕೆಳಗೆ ಮಾಡಿ ನಿಲ್ಲಿಸಬೇಕು, ಇಲ್ಲದಿದ್ದರೆ ಎಣ್ಣೆ ಇಳಿದು ಇಳಿದು ಮರದ ಹಿಡಿ ಮೆತ್ತಗಾಗುತ್ತದೆ ಎಂದು ಅವನೇ ಹೇಳಿಕೊಟ್ಟದ್ದು.

ಇನ್ನು ವಾಟಣಿ, ಅಂದರೆ ಮನೆಯ ಪಾಲು. ಅಪ್ಪನೂ ಅವನ ತಮ್ಮ ಜಿನ್ನಪ್ಪ ಕಾಕಾನೂ ಬಾವಿ ನೀರಿನ ಪಾಳಿಗೆ ಜಗಳಾಡಿ ಬೇರೆಯಾದಾಗ ಹೊಲ, ಎತ್ತು, ಹಂಡೆ, ಮಂಚ ಎಲ್ಲ ಎರಡಾದವು. ಕಡೆಗೆ ಉಳಿದದ್ದು ಬಂದೂಕು. ಅಜ್ಜನಿಗೆ ವಯಸ್ಸಾದ ಮೇಲೆ ಲೈಸನ್ಸಿನಲ್ಲಿ ಇಬ್ಬರ ಹೆಸರೂ ಬಂದಿತ್ತು, ಮೇಲೆ ಅಪ್ಪನದು, ಕೆಳಗೆ ಜೊತೆಗಾರ ಅಂತ ಕಾಕಾನದು. ಯಾರಿಗೆ ಕೊಡುವುದು? ಇಬ್ಬರೂ ಆಗ ಒಬ್ಬರ ಮುಖ ಒಬ್ಬರು ನೋಡದಷ್ಟು ಸಿಟ್ಟಿನಲ್ಲಿದ್ದರು. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, ಬೋಲ್ಟನ್ನು ಎಳೆದು ತೆಗೆದು ಕಾಕಾನ ಕೈಗೆ ಕೊಟ್ಟ, ಉಳಿದ ಬಂದೂಕನ್ನು ಅಪ್ಪನ ಕೈಗೆ ಕೊಟ್ಟ. ವಾಟಣಿ ಮಾಡಲು ಬಂದ ಹಿರಿಯರು ತಲೆದೂಗಿ ಚಾ ಕುಡಿದು ಎದ್ದುಹೋದರು. ಇದು ಕಾನೂನಿಗೆ ಕೂಡುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನಮ್ಮ ಓಣಿಯ ಆಚೆ ಬದಿಗೆ ಕಾಕಾನ ಮನೆ, ಈಚೆ ಬದಿಗೆ ನಮ್ಮದು. ನಡುವೆ ಒಂದು ಟ್ರ್ಯಾಕ್ಟರ್ ಹೋಗುವಷ್ಟು ಜಾಗ.

ಅಂದಿನಿಂದ ಆ ಬಂದೂಕು ಕೂಡಬೇಕಾದರೆ ಅಣ್ಣತಮ್ಮ ಕೂಡಬೇಕು. ಖಂಡೇಪೂಜೆಗೆ, ಲೈಸನ್ಸ್ ನವೀಕರಣಕ್ಕೆ, ಚುನಾವಣೆ ಬಂದಾಗ ಪೊಲೀಸ್ ಸ್ಟೇಷನ್ನಿನಲ್ಲಿ ಜಮಾ ಮಾಡಲಿಕ್ಕೆ, ಹಂದಿ ಬಂದಾಗ. ಕಾಕಾ ಬೋಲ್ಟನ್ನು ಅರಿವೆಯ ಚೀಲದಲ್ಲಿ ಹಾಕಿಕೊಂಡು ಬರುವನು. ತಾನೇ ಕೂಡಿಸುವನು, ತಾನೇ ತೆಗೆಯುವನು, ಅಪ್ಪನ ಕೈಗೆ ಬಿಡುತ್ತಿರಲಿಲ್ಲ. ಅಪ್ಪ ಬೋಲ್ಟಿಗೆ ಕಲೆ ಬಿದ್ದಿದೆಯೇ ಎಂದು ಮೂಗು ಹತ್ತಿರ ತಂದು ನೋಡುವನು. ಕಾಕಾ ನಳಿಗೆಯೊಳಗೆ ತುಕ್ಕು ಹಿಡಿದಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುವನು. ಇನ್ನೊಬ್ಬನ ಬಾಯಿಂದ ಮಾತು ಕೇಳಬಾರದೆಂಬ ಒಂದೇ ಹಟಕ್ಕೆ ಇಬ್ಬರೂ ತಮ್ಮ ತಮ್ಮ ಪಾಲನ್ನು ತಿಕ್ಕಿ ತಿಕ್ಕಿ ಇಡುತ್ತಿದ್ದರು. ಆ ನೆಪದಲ್ಲಿ ಎರಡೂ ಮನೆಯ ಚಾ ಎರಡೂ ಮನೆಯವರು ಕುಡಿದರು, ಸಿಟ್ಟು ಇಳಿಯಿತು, ಆದರೆ ಸಂಶಯ ಮಾತ್ರ ಹಾಗೇ ಉಳಿಯಿತು.

ರಿಪೇರಿ ಅಂಗಡಿಗೆ ಕೊಡುವ ಮಾತಂತೂ ಇರಲೇ ಇಲ್ಲ. ಅಪ್ಪ ಒಮ್ಮೆ ಕೈಗಡಿಯಾರ ರಿಪೇರಿಗೆ ಕೊಟ್ಟಿದ್ದ. ಮರಳಿ ಬಂದಾಗ ಅದು ಸರಿಯಾದ ವೇಳೆ ತೋರಿಸತೊಡಗಿತು. ಅಪ್ಪ ಸೀದಾ ಅಂಗಡಿಗೆ ಹೋಗಿ, "ಇದು ನನ್ನ ಗಡಿಯಾರ ಅಲ್ರೀ, ನಂದು ಹಿಂದ ನಡೀತಿತ್ತು" ಎಂದು ತಕರಾರು ತೆಗೆದ. ಅಂಗಡಿಯವನು ಬೇಸತ್ತು ಅದನ್ನು ಮತ್ತೆ ನಿಧಾನ ಮಾಡಿಕೊಟ್ಟನಂತೆ. ಅಪ್ಪ ಸಂತೋಷದಿಂದ ಕಟ್ಟಿಕೊಂಡು ಬಂದ.

ಈಗ ನಡೆದ ಸಂಗತಿಗೆ ಬರುತ್ತೇನೆ. ಚುನಾವಣೆ ಮುಗಿದು ಬಂದೂಕು ಸ್ಟೇಷನ್ನಿನಿಂದ ಮನೆಗೆ ಬಂದಿತ್ತು. ಹಳ್ಳದ ಬದಿಯ ಕಬ್ಬಿಗೆ ಹಂದಿ ಹೊಕ್ಕಿವೆ ಎಂದು ಸುದ್ದಿ ಬಂತು. ಹೊತ್ತು ಮುಳುಗುವ ಮುಂಚೆ ಇಬ್ಬರೂ ಹೊಲಕ್ಕೆ ಹೋದರು. ಕಾಕಾ ಬೋಲ್ಟ್ ಕೂಡಿಸಿದ, ಅಪ್ಪ ದಿಬ್ಬಕ್ಕೆ ಹಿಡಿದು ಕುದುರೆ ಎಳೆದ. ಟಕ್ ಎಂದಿತು, ಅಷ್ಟೇ. ಹಾರದ ಬಂದೂಕನ್ನು ನಂಬಬಾರದು, ಬಾಯಿ ದಿಬ್ಬದ ಕಡೆಗೇ ಇಟ್ಟು ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ನಿಲ್ಲಬೇಕು ಎಂದು ಅಜ್ಜ ಕಲಿಸಿದ್ದ. ಇಬ್ಬರೂ ಹಾಗೇ ನಿಂತರು. ಆ ನಿಂತ ಹೊತ್ತಿನಲ್ಲೇ ಎಲ್ಲ ಕೆಟ್ಟಿತು. ಸುಮ್ಮನೆ ನಿಲ್ಲುವುದೆಂದರೆ ನಮ್ಮವರು ಯೋಚನೆ ಮಾಡುತ್ತಾರೆ, ಯೋಚನೆ ಮಾಡಿದರೆ ಸಂಶಯ ಪಡುತ್ತಾರೆ. ಇನ್ನೊಂದು ಕಾಡತೂಸು ಹಾಕಿದರು. ಅದೂ ಟಕ್ ಎಂದಿತು. ಹೊರಗೆ ತೆಗೆದಾಗ ಅದರ ಬೆನ್ನ ಮೇಲೆ ಗಟ್ಟಿಯಾಗಿ ಕುಟ್ಟಿದ ಗುರುತಿರಲಿಲ್ಲ, ಉಗುರು ತಾಗಿದಷ್ಟು ಗೆರೆ.

"ಜಿನ್ನ್ಯಾ, ಪಿನ್ನಿಗಿ ಏನ ಮಾಡೀದಿ?" ಎಂದ ಅಪ್ಪ.

"ನಾ ಏನ ಮಾಡ್ಲಿ? ಕಾಡತೂಸ ಇರೂದು ನಿನ್ನ ಮನ್ಯಾಗ. ಥಂಡಿ ಹಿಡದಾವ."

"ಪಿನ್ನ ಕುಟ್ಟೇ ಇಲ್ಲ. ಕಬ್ಬಿಣ ಸವಸೂ ಕಾನಸ ಹಚ್ಚಿ ತಿಕ್ಕೀದಿ ನೀ. ನನ್ನ ಕೈಯಾಗ ಬಂದೂಕ ಹಾರಬಾರ್ದು ಅಂತ ನಿನ್ನ ಮನಸಿನ್ಯಾಗ ಐತಿ."

ಕಾಕಾ ಬೋಲ್ಟ್ ತೆಗೆದು ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದ. ಅಪ್ಪ ಹಿಂದಿನಿಂದಲೇ ಕೇಳುವಂತೆ ಹೇಳಿದ: "ಲೈಸನ್ಸ್ ನವೀಕರಣ ಬಂದೈತಿ. ಈ ಸಲ ನಿನ್ನ ಹೆಸರ ತಗಿಸಿ ಬೋಲ್ಟ್ ನನ್ನ ಮನಿಗಿ ತರ್ತೀನಿ."

ಇದನ್ನು ಕೇಳಿದರೆ ಹೊರಗಿನವರಿಗೆ ಏನೂ ಅನ್ನಿಸಲಿಕ್ಕಿಲ್ಲ. ಒಂದು ಗೇಣುದ್ದದ ಕಬ್ಬಿಣ, ಈ ಮನೆಯಲ್ಲಿದ್ದರೇನು ಆ ಮನೆಯಲ್ಲಿದ್ದರೇನು. ಮರುದಿನ ಕಾಕಾ ನನಗೆ ಫೋನ್ ಮಾಡಿದ. ಅವನು ಹಬ್ಬಕ್ಕೂ ಫೋನ್ ಮಾಡುವವನಲ್ಲ. "ಅಪ್ಪಾ ಸಾಯೂತನಕ ಅಣ್ಣನ ಮನ್ಯಾಗ ಇದ್ದ. ಅಪ್ಪನ ಕೋಲು, ಟೊಪಗಿ, ಪಟ್ಟಿ ಗಾದಿ, ಎಲ್ಲ ಅಲ್ಲೇ ಉಳೀತು. ನನಗಂತ ಅಪ್ಪಾ ತನ್ನ ಕೈಯಾರೆ ಕೊಟ್ಟಿದ್ದು ಅದೊಂದ ಐತಿ, ಸುನಂದಾ. ಅದೂ ಹೋತಂದ್ರ ಆ ಮನಿಗಿ ನಾ ಯಾರು?" ಎಂದ. ಭಾನುವಾರ ಬರುತ್ತೇನೆ, ಬೋಲ್ಟ್ ಬಿಚ್ಚಿ ನೋಡೋಣ, ಪಿನ್ನು ತಿಕ್ಕಿದ್ದರೆ ಕಾಣುತ್ತದೆ, ತಿಕ್ಕಿಲ್ಲದಿದ್ದರೆ ಅದೂ ಕಾಣುತ್ತದೆ ಎಂದೆ. "ಬಿಚ್ಚಾಕ ನೀ ಬರೂದು ಬೇಷ, ಖರೇ ನೀನೂ ಅಣ್ಣನ ಮಗಳ" ಎಂದು ಹೇಳಿ ಫೋನ್ ಇಟ್ಟ. ಇತ್ತ ಅಪ್ಪನಿಗೆ ಹೇಳಿದರೆ, "ನೀ ಸಣ್ಣಾಕಿ ಇದ್ದಾಗಿಂದ ಕಾಕಾನ ಕಡೇನ" ಎಂದ. ಪಂಚಾಯ್ತಿ ಮಾಡುವವಳಿಗೆ ಇದಕ್ಕಿಂತ ಒಳ್ಳೆಯ ಅರ್ಹತೆ ಇನ್ನೇನು ಬೇಕು?

ಭಾನುವಾರ ನಮ್ಮ ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಬಿಳಿ ಅರಿವೆ ಹಾಸಿ ಕೂತೆವು. ಕಾಡತೂಸಿನ ಡಬ್ಬಿಯನ್ನು ಮೊದಲೇ ಇನ್ನೊಂದು ಕೋಣೆಯಲ್ಲಿಟ್ಟು ಬಂದೆ. ನಳಿಗೆ ಖಾಲಿ ಇದೆಯೇ ಎಂದು ನಾನು ನೋಡಿದೆ, ಕಾಕಾ ನೋಡಿದ. ಅಪ್ಪ ಬೆರಳು ಹಾಕಿ ಮುಟ್ಟಿ ನೋಡಿದ. ಕಾಡತೂಸಿನ ತಪ್ಪಲ್ಲ ಎಂಬುದು ಆಗಲೇ ಇತ್ಯರ್ಥವಾಗಿತ್ತು. ಅಪ್ಪ ಹೊಸವನ್ನು ತರಿಸಿ ಹೊಲದಲ್ಲಿ ನೋಡಿದ್ದ, ಅವೂ ಟಕ್ ಎಂದಿದ್ದವು. ಹೊಲದಿಂದ ಬರುವಾಗ ಕಾಕಾ ಮೊದಲ ಸಲ ಮೀಸೆಯಡಿ ನಕ್ಕಿದ್ದನಂತೆ. ಆಗ ಅಪ್ಪನ ಸಂಶಯ ಬೇರೆ ಕಡೆ ಹೊರಳಿತು. ಬಂದೂಕು ಜಮಾ ಇದ್ದಾಗ ನೂರೆಂಟು ಬಂದೂಕುಗಳ ನಡುವೆ ಬೋಲ್ಟ್ ಅದಲುಬದಲಾಗಿದ್ದರೆ? ಬೋಲ್ಟಿನ ಮೇಲೂ ನಳಿಗೆಯ ಮೇಲೂ ಒಂದೇ ನಂಬರು ಕೊರೆದಿರುತ್ತದೆ. "ನೀ ಓದು, ನಾ ಕೇಳ್ತೀನಿ" ಎಂದ ಅಪ್ಪ. ಓದಿದೆ. ಎರಡೂ ಕೂಡಿದವು. ಸ್ಟೇಷನ್ನಿನವರು ಇಟ್ಟದ್ದನ್ನು ಇಟ್ಟ ಹಾಗೇ ಕೊಟ್ಟಿದ್ದರು. ಇನ್ನು ಉಳಿದದ್ದು ಬೋಲ್ಟಿನ ಹೊಟ್ಟೆ ಒಂದೇ.

ಅಜ್ಜ ಹೋದ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ. ಅಪ್ಪನಿಗೆ ನಳಿಗೆ ಗೊತ್ತು, ಬೋಲ್ಟ್ ಗೊತ್ತಿಲ್ಲ. ಕಾಕಾನಿಗೆ ಬೋಲ್ಟ್ ಒರೆಸುವುದು ಗೊತ್ತು, ಬಿಚ್ಚುವುದು ಗೊತ್ತಿಲ್ಲ. ಹಿಂದಿನ ತುದಿಯನ್ನು ಒತ್ತಿ ಹಿಡಿದು ತಿರುಗಿಸಿದರೆ ಕಳಚುತ್ತದೆ ಎಂದು ಇಬ್ಬರಿಗೂ ಮಸುಕಾಗಿ ನೆನಪಿತ್ತು, ಆದರೆ ಎಡಕ್ಕೆ ಎಂದು ಒಬ್ಬ, ಬಲಕ್ಕೆ ಎಂದು ಇನ್ನೊಬ್ಬ. ನಾನು ಎರಡೂ ಕಡೆ ತಿರುಗಿಸಿದೆ. ಕಳಚಿತು. ಕಳಚಿದ ರಭಸಕ್ಕೆ ಸ್ಪ್ರಿಂಗು ಜಿಗಿದು ಗೋಡೆಯ ಮಾಡದ ಗೂಡಿಗೆ ಬಡಿದು ಎಲ್ಲೋ ಬಿತ್ತು. ಮೂವರೂ ಒಬ್ಬರ ಕೈ ಒಬ್ಬರು ನೋಡಿದೆವು. ಯಾರೋ ಬಚ್ಚಿಟ್ಟುಕೊಂಡಿದ್ದಾರೆ ಎಂಬ ಮುಖ ಮೂವರದೂ. ಕಡೆಗೆ ಅದು ಅಪ್ಪನ ಚಪ್ಪಲಿಯಲ್ಲಿ ಸಿಕ್ಕಿತು.

ಪಿನ್ನನ್ನು ಹೊರಗೆ ಎಳೆದೆ. ಎಳೆದೆ ಎಂದರೆ ಅದು ಬರಲೊಲ್ಲದು. ಒಳಗೆಲ್ಲ ಜೇನಿನ ಬಣ್ಣದ ಅಂಟು, ಕರಿದ ಬಾಣಲೆಯ ಹೊರಮೈಗೆ ಕಟ್ಟುವ ಜಿಡ್ಡಿನಂಥದು, ಬೆರಳಿಗೆ ಹತ್ತಿದರೆ ಬಿಡದು. ಪಿನ್ನು ಅದರಲ್ಲಿ ಸಿಕ್ಕು ಮೆಲ್ಲಗೆ ಸರಿಯುತ್ತಿತ್ತೇ ಹೊರತು ಕುಟ್ಟುತ್ತಿರಲಿಲ್ಲ. ಒರೆಸಿ ಬಿಸಿಲಿಗೆ ಹಿಡಿದೆ. ತುದಿ ದುಂಡಗೆ, ನುಣ್ಣಗೆ, ಕಾನಸಿನ ಒಂದು ಗೆರೆಯೂ ಇಲ್ಲ. ಕಾಕಾನ ಕೈಗೆ ಕೊಟ್ಟೆ. ಅವನು ನೋಡಿ ಅಪ್ಪನ ಕೈಗೆ ಕೊಟ್ಟ. ಅಪ್ಪ ಅದರ ತುದಿಯನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದ.

"ಹಂಗಾರ ಈ ಅಂಟ ಯಾರು ತುಂಬಿದ್ರು?" ಎಂದ.

ಅಷ್ಟರಲ್ಲಿ ಸುಶೀಲಾ ಕಾಕು, ಅಂದರೆ ಕಾಕಾನ ಹೆಂಡತಿ, ಚಾ ತಗೊಂಡು ಬಂದಳು. ತಟ್ಟೆ ಕೆಳಗಿಟ್ಟು ಬಗ್ಗಿ ಮೂಸಿದಳು. "ಯವ್ವಾ, ಇದು ನಮ್ಮ ಕುಸುಬಿ ಎಣ್ಣಿ" ಎಂದಳು, ಕಳೆದುಹೋದ ಪಾತ್ರೆ ಸಿಕ್ಕವಳ ಹಾಗೆ. ಕಾಕಾನಿಗೆ ಸೊಂಟ ಹಿಡಿದ ಮೇಲೆ ಬೋಲ್ಟಿನ ಚಾಕರಿ ಕಾಕುವಿನದಾಗಿತ್ತಂತೆ. ಅಮಾಸೆ ಅಮಾಸೆಗೆ ತೆಗೆದು, ಒರೆಸಿ, ಸಂದಿ ಸಂದಿಗೆ ಗಾಣದ ಕುಸುಬೆ ಎಣ್ಣೆ ಬಿಟ್ಟು, ಮತ್ತೆ ಚೀಲಕ್ಕೆ ಹಾಕಿ ದೀಪದ ಮಾಡದಲ್ಲಿಡುತ್ತಿದ್ದಳು.

"ಮಷೀನ ಎಣ್ಣಿ ಇತ್ತಲ್ಲ ಮನ್ಯಾಗ?" ಎಂದ ಕಾಕಾ.

"ಆ ಎಣ್ಣ್ಯಾಗ ಏನೇನ ಕೂಡಸಿರ್ತಾರೋ ಯಾರಿಗೆ ಗೊತ್ತರೀ. ದನದ ಕೊಬ್ಬ ಇದ್ರ? ದೀಪದ ಮಾಡದಾಗ ಅಂಥಾದ್ದ ಹೆಂಗ ಇಡ್ಲಿ? ಕುಸುಬಿ ಎಣ್ಣಿ ಆದ್ರ ನಾನ ನಿಂತ ಗಾಣ ಹಾಕಿಸಿದ್ದು."

ನಾನು ಟೀಚರಮ್ಮನ ದನಿಯಲ್ಲಿ, ಕುಸುಬೆ ಎಣ್ಣೆ ಗಾಳಿಗೆ ಒಣಗುವ ಜಾತಿಯದು, ತೆಳ್ಳಗೆ ಹಚ್ಚಿ ಬಿಟ್ಟರೆ ವಾರ್ನಿಶ್ ಆಗುತ್ತದೆ, ಮಷೀನಿನ ಎಣ್ಣೆ ನೆಲದೊಳಗಿನಿಂದ ತೆಗೆದದ್ದು, ಅದರಲ್ಲಿ ಯಾವ ದನವೂ ಇಲ್ಲ ಎಂದು ವಿವರಿಸಿದೆ. ಕಾಕು ತಲೆಯಾಡಿಸಿದಳು. ನಂಬಿದಳು ಅಂತಲ್ಲ, ಮನೆಯ ಮಗಳು ಹೇಳುತ್ತಿದ್ದಾಳೆ ಎಂದು. ನನಗೂ ಒಳಗೊಳಗೇ ಅಳುಕು. ಬಾಟಲಿಯ ಮೇಲೆ ಬರೆದದ್ದನ್ನು ನಾನಾದರೂ ಯಾವಾಗ ನಂಬಿದ್ದೇನೆ?

ಟ್ರ್ಯಾಕ್ಟರಿನ ಡೀಸೆಲ್ ತರಿಸಿ ಒಂದು ಹಿತ್ತಾಳೆ ಬಟ್ಟಲಲ್ಲಿ ಪಿನ್ನು, ಸ್ಪ್ರಿಂಗು, ಬೋಲ್ಟಿನ ಒಳಮೈ ಎಲ್ಲ ನೆನೆಸಿದೆವು. ಹಳೇ ಹಲ್ಲಿನ ಬ್ರಶ್ಶು, ಧೋತರದ ಚಿಂದಿ, ತುದಿಗೆ ಅರಿವೆ ಸುತ್ತಿದ ಜೋಳದ ದಂಟು. ತಿಕ್ಕಿ, ಒರೆಸಿ, ಬಿಸಿಲಿಗೆ ಒಣಗಿಸಿ, ಮಷೀನಿನ ಎಣ್ಣೆಯನ್ನು ಬೆರಳಿನಲ್ಲಿ ಸವರಿದ್ದೋ ಇಲ್ಲವೋ ಎಂಬಷ್ಟು ಸವರಿದೆವು. ಬೋಲ್ಟಿನ ಒಳಗೆ ಎಣ್ಣೆ ಕಡಿಮೆಯಿದ್ದಷ್ಟೂ ಒಳ್ಳೆಯದು, ಭಕ್ತಿಯಿಂದ ತುಂಬಿಸಿದರೆ ಅದಕ್ಕೆ ಉಸಿರು ಕಟ್ಟುತ್ತದೆ. ಕೂಡಿಸುವಾಗ ಮಾತ್ರ ಸ್ಪ್ರಿಂಗನ್ನು ಕಾಕಾ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಸಂಜೆ ಹೊಲಕ್ಕೆ ಹೋದೆವು. ದಿಬ್ಬದ ಮೇಲೆ ಇರುವೆ ಸಾಲಿದೆಯೇ ಎಂದು ಅಪ್ಪ ನನ್ನನ್ನು ಕಳಿಸಿದ. ಒಂದು ಬದಿಗೆ ಸಾಲು ಹೊರಟಿತ್ತು, ಗುರಿಯನ್ನು ಇನ್ನೊಂದು ಬದಿಗೆ ಸರಿಸಿದೆವು. "ನಿನ್ನ ಬೋಲ್ಟ, ನೀನ ಹಾರಸು" ಎಂದು ಅಪ್ಪ ಬಂದೂಕನ್ನು ಕಾಕಾನ ಕೈಗೆ ಕೊಟ್ಟು ಹಿಂದೆ ಸರಿದ. ಸಿಡಿದರೆ ಅವನ ಮುಖಕ್ಕೇ ಸಿಡಿಯಲಿ ಎಂಬ ಲೆಕ್ಕವೇ ಇದು ಎಂದು ನನಗೆ ಅನುಮಾನವಾಯಿತು. ಕಾಕಾನಿಗೂ ಆಗಿರಬೇಕು, ಒಂದು ಗಳಿಗೆ ಅಣ್ಣನ ಮುಖ ನೋಡಿದ. ಆಮೇಲೆ ಎಳೆದ. ಢಂ ಎಂದಿತು. ನವಿಲುಗಳು ಹಳ್ಳದುದ್ದಕ್ಕೂ ಕೂಗಿದವು, ಕಬ್ಬಿನೊಳಗಿಂದ ಹಂದಿಗಳು ದಡಬಡ ಓಡಿದವು. ಕಾಕಾ ಬೋಲ್ಟ್ ತೆಗೆದು ಚೀಲಕ್ಕೆ ಹಾಕಿಕೊಂಡ. ಅಪ್ಪ ಏನಾದರೂ ಹೇಳುತ್ತಾನೆಂದು ನಾವಿಬ್ಬರೂ ಕಾದೆವು. ತಪ್ಪಾಯಿತು ಎನ್ನುವುದು ಬೇಡ, ಹೆಸರು ಇರಲಿ ಎಂದರೂ ಸಾಕಿತ್ತು. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ಬದುವಿನ ಮೇಲೆ ಮನೆಯ ದಾರಿ ಹಿಡಿದ. ಕಾಕಾ ಹಿಂದೆ ಬರುತ್ತ ನನಗಷ್ಟೇ ಕೇಳುವಂತೆ, "ಮನಸಿನ್ಯಾಗ ಇಟ್ಟಾನ. ಹೆಸರ ತಗಸ್ತಾನ, ನೀ ನೋಡು" ಎಂದ.

ನವೀಕರಣದ ದಿನ ನಾನೇ ಕಾರಿನಲ್ಲಿ ಇಬ್ಬರನ್ನೂ ರಾಯಬಾಗಕ್ಕೆ ಕರೆದೊಯ್ದೆ. ಅಪ್ಪ ಮುಂದೆ, ಕಾಕಾ ಹಿಂದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಬಗ್ಗೆ ನಾನೊಬ್ಬಳೇ ಮಾತಾಡಿದೆ. ಬಂದೂಕು, ಬೋಲ್ಟ್ ಎರಡನ್ನೂ ಕೆಳಗೆ ತಪಾಸಣೆಗೆ ಕೊಟ್ಟು ಮಹಡಿಯ ಮೇಲಿನ ಕಚೇರಿಗೆ ಹತ್ತಿದೆವು. ಗುಮಾಸ್ತರು ಲೈಸನ್ಸ್ ತಿರುವಿ ನೋಡಿ ಕೇಳಿದರು: "ಜೋಡಿ ಹೆಸರೊಂದ ಐತಲ್ರೀ ಯಜಮಾನ್ರ. ಇಡೂದೋ, ತಗಿಯೂದೋ?"

ಕಾಕಾ ಕಿಟಕಿಯ ಕಡೆ ತಿರುಗಿದ. ಅವನ ಕೈಗಳು ಖಾಲಿ ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು.

"ತಗೀರಿ" ಎಂದ ಅಪ್ಪ.

ನನಗೆ ಅಪ್ಪನ ಮೇಲೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಅವನೇ ಮುಂದುವರಿಸಿದ. "ಮ್ಯಾಲಿಂದು ತಗೀರಿ. ನನ್ನ ಹೆಸರ. ಬಂದೂಕ ಇವನ ಹೆಸರಿಗಿ ಮಾಡ್ರಿ."

ಗುಮಾಸ್ತರು ಪೆನ್ನು ಕೆಳಗಿಟ್ಟರು. ಅದಕ್ಕೆ ಬೇರೆ ಅರ್ಜಿ ಕೊಡಬೇಕು, ವಿಚಾರಣೆ ಆಗುತ್ತದೆ, ಆಮೇಲೆ ಬಂದೂಕು ಪೂರ್ತಿ ಅವರ ಮನೆಯಲ್ಲೇ ಇರಬೇಕಾಗುತ್ತದೆ ಎಂದರು. "ಇರ್ಲಿ. ಅವನ ಮನ್ಯಾಗ ಇರ್ಲಿ" ಎಂದ ಅಪ್ಪ.

ಹೊರಗೆ ಬಂದು ಮೆಟ್ಟಿಲ ತಲೆಯ ಬಳಿ ಕಾಕಾ ನಿಂತುಬಿಟ್ಟ. ಖುಷಿಯ ಸುಳಿವೂ ಅವನ ಮುಖದಲ್ಲಿರಲಿಲ್ಲ.

"ಅಣ್ಣಾ, ಏನ ಐತಿ ನಿನ್ನ ಮನಸಿನ್ಯಾಗ? ಹಿಂಗ್ಯಾಕ ಕೊಡಾಕತ್ತಿ?"

"ಸುಮ್ನ ತಗೋ."

"ನೀ ಸುಮ್ನ ಕೊಡಾಂವ ಅಲ್ಲ."

ಅಪ್ಪ ಮೆಟ್ಟಿಲ ಕಟಕಟೆ ಹಿಡಿದು ನಿಂತ. "ನಳಿಗಿ ಒಳಗ ನನಗ ಏನೂ ಕಾಣವಲ್ದು" ಎಂದ. "ಹ್ವಾದ ವರ್ಷದಿಂದ. ಎಲ್ಲ ಮಬ್ಬ ಮಬ್ಬ. ಮಿರಜಿಗಿ ಹೋಗಿ ತೋರಿಸಿದೆ. ಪೊರಿ ಅಲ್ಲಂತ, ಹ್ವಾದ ದೃಷ್ಟಿ ಪರತ ಬರೂದಿಲ್ಲಂತ. ಅವರ ಮಾತ ನಂಬದ ಸಾಂಗ್ಲಿಗೂ ಹೋದೆ. ಅವರೂ ಅದನ್ನ ಅಂದ್ರು."

ಹೂಕೋಸನ್ನೂ ಬಾಟಲಿಯ ಮುಚ್ಚಳವನ್ನೂ ಬಿಡದೆ ಸಂಶಯಪಟ್ಟ ನನಗೆ ಅಪ್ಪನ ಕಣ್ಣಿನ ಮೇಲೆ ಒಂದು ದಿನವೂ ಸಂಶಯ ಬಂದಿರಲಿಲ್ಲ. ನಂಬರು ನನ್ನಿಂದ ಓದಿಸಿದ್ದು, ಬದುವಿನ ಮೇಲೆ ನನ್ನ ಹೆಗಲು ಹಿಡಿದದ್ದು, ಎಲ್ಲ ಕಣ್ಣೆದುರೇ ನಡೆದಿತ್ತು. ನನಗೆ ಅಳು ಬಂತು. ಕಾಕಾ ಮಾತ್ರ ಬೆಚ್ಚಲಿಲ್ಲ.

"ಗೊತ್ತೈತಿ" ಎಂದ.

"ಏನ ಗೊತ್ತೈತಿ ನಿನಗ?"

"ನಳಿಗಿ ಫಳಫಳ ಅನ್ನಾಕತ್ತೈತಿ ಅಂತ ನೀ ಹೇಳ್ತಿದ್ದಿ. ಒಳಗ ನೋಡಿದ್ರ ತುಕ್ಕ. ನೀ ಕೈ ತೊಳಿಯಾಕ ಹ್ವಾದಾಗ ನಾನ ದಾರ ಎಳದು ಒರಸಿ ಇಡ್ತಿದ್ದೆ."

"ಮತ್ತ ಆಗ ಹೇಳಾಕ ಏನಾಗಿತ್ತು?"

"ಹೇಳಿದ್ರ ನೀ ಅದನ್ನ ಮುಟ್ಟೂದ ಬಿಡ್ತಿದ್ದಿ."

ಕೆಳಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು. ಅಪ್ಪ ಕಟಕಟೆ ಬಿಟ್ಟು ಕೈ ಚಾಚಿದ. ನಾನು ಹಿಡಿಯಲು ಹೋದೆ, ಅದು ನನ್ನ ಕಡೆ ಚಾಚಿದ್ದಲ್ಲ. ಕಾಕಾ ಬಂದು ಹಿಡಿದ.

"ಮೆಟ್ಟಲ ಎಷ್ಟ ಅದಾವ ಹೇಳ್ಲ್ಯಾ?" ಎಂದು ಕೇಳಿದ.

"ಬ್ಯಾಡ" ಎಂದ ಅಪ್ಪ. "ನಿನ್ನ ಎಣಿಕಿ ನಾ ನಂಬೂದಿಲ್ಲ."

ಹಾಗೆಂದವನು ತಮ್ಮನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಅವನು ಕಾಲಿಟ್ಟಲ್ಲೇ ಕಾಲಿಡುತ್ತ ಕೆಳಗಿಳಿದ.